ಆನ್‌ಲೈನ್‌ನಲ್ಲಿ ಜಲಸಸ್ತನಿಗಳ ಅಧ್ಯಯನ: ಕಾವೇರಿ ತೀರದ ಆಸಕ್ತರಿಗೆ ಮಾಹಿತಿ

ಮಂಡ್ಯ: ನೀರಿನಲ್ಲಿ ಬದುಕುವ ಸಸ್ತನಿಗಳ ಆರೋಗ್ಯ ಹಾಗೂ ಸಂರಕ್ಷಣೆಯನ್ನು ಮನೆಯಲ್ಲೇ ಕುಳಿತು ಕಲಿಯುವ ಅವಕಾಶ ಇಂದು ಇದೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯವು ಮ್ಯಾನಟಿ ಎಂಬ ಪ್ರಾಣಿಯ ಬಗ್ಗೆಯೇ ಆನ್‌ಲೈನ್ ಪಾಠ ರೂಪಿಸಿದೆ. ಅದರ ಸಾರ ಕಾವೇರಿಯ ನೀರುನಾಯಿಗೂ ಅನ್ವಯಿಸುತ್ತದೆ.

ಮ್ಯಾನಟಿ ಕಲಿಸುವ ಪಾಠ

ಮ್ಯಾನಟಿ ಆನೆಯ ದೂರದ ಬಂಧು. ನೀರೊಳಗಿನ ಹುಲ್ಲೇ ಅದರ ಮುಖ್ಯ ಆಹಾರ. 2021ರಲ್ಲಿ ಫ್ಲೋರಿಡಾದಲ್ಲಿ 1,100ಕ್ಕೂ ಹೆಚ್ಚು ಮ್ಯಾನಟಿಗಳು ಸತ್ತವು. ಅನೇಕವು ಸತ್ತದ್ದು ಹಸಿವಿನಿಂದ. ಕೊಳಚೆ ನೀರು ಹಾಗೂ ರಸಗೊಬ್ಬರದ ಅಂಶ ಸೇರಿ ಪಾಚಿ ಹಬ್ಬಿತು. ಬೆಳಕು ಕಾಣದೆ ಹುಲ್ಲು ನಾಶವಾಯಿತು. ಪ್ರಾಣಿಯ ಕಾಯಿಲೆಯ ಮೂಲವನ್ನು ನೀರಿನಲ್ಲೂ ಹುಡುಕಬೇಕೆಂಬುದೇ ಈ ಅಧ್ಯಯನದ ತಿರುಳು.

ಭಾರತದಲ್ಲಿ ಮ್ಯಾನಟಿ ಇಲ್ಲ. ಅದರ ಬಂಧುವಾದ ಕಡಲಹಸುವಿಗಾಗಿ ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿ.ಮೀ. ವ್ಯಾಪ್ತಿಯ ಸಂರಕ್ಷಿತ ಪ್ರದೇಶ ಘೋಷಿಸಿತು.

ನಮ್ಮ ನೀರುನಾಯಿ

1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟಿನಲ್ಲಿ ಹಕ್ಕಿಗಳಷ್ಟೇ ಅಲ್ಲ, ನೀರುನಾಯಿಗಳೂ ಇವೆ. ಮೀನು ಇವುಗಳ ಮುಖ್ಯ ಆಹಾರ. ಆದ್ದರಿಂದಲೇ ಮೀನುಗಾರರ ಬಲೆಯೊಂದಿಗೆ ಸಂಘರ್ಷವೂ ಉಂಟು. ತುಂಗಭದ್ರಾ ತೀರದಲ್ಲಿ ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಘೋಷಿಸಿದೆ.

ಕೆ.ಆರ್.ಪೇಟೆ ತಾಲ್ಲೂಕಿನ ಹೇಮಾವತಿ ಕೃಷ್ಣರಾಜಸಾಗರದ ಹಿನ್ನೀರು ಸೇರುತ್ತದೆ. ನಾಗಮಂಗಲ, ಪಾಂಡವಪುರದ ಕಡೆಯಿಂದ ಬರುವ ಲೋಕಪಾವನಿ ಕರಿಘಟ್ಟದ ಬಳಿ ಕಾವೇರಿಗೆ ಕೂಡುತ್ತದೆ. ನಾಲ್ಕೂ ತಾಲ್ಲೂಕುಗಳ ಗದ್ದೆ, ಚರಂಡಿಗಳ ನೀರಿಗೂ ನದಿಯ ಆರೋಗ್ಯಕ್ಕೂ ನಂಟಿದೆ.

ಕಲಿಯುವುದು ಎಲ್ಲಿ?

ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ತಾಣದಲ್ಲಿ ಪರಿಸರ, ವನ್ಯಜೀವಿ ವಿಷಯಗಳ ಪಾಠಗಳು ಬರುತ್ತವೆ. ಕಲಿಕೆ ಉಚಿತ, ಪ್ರಮಾಣಪತ್ರ ಬೇಕಿದ್ದರೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿರುವುದು ಗ್ರಾಮೀಣ ವಿದ್ಯಾರ್ಥಿಗಳಿಗೆ ತೊಡಕೇ ಸರಿ.

ಪಾಠದ ಜತೆಗೆ ದಂಡೆಯ ಅಭ್ಯಾಸವೂ ಬೇಕು. ಬಂಡೆಯ ಮೇಲಿನ ಹಿಕ್ಕೆಯಲ್ಲಿ ಮೀನಿನ ಹುರುಪೆ, ಏಡಿಯ ಚಿಪ್ಪು ಕಂಡರೆ ದಿನಾಂಕ ಸಹಿತ ಟಿಪ್ಪಣಿ ಮಾಡಿಕೊಳ್ಳಬಹುದು. ‘ಐನ್ಯಾಚುರಲಿಸ್ಟ್’ ತಾಣಕ್ಕೆ ಛಾಯಾಚಿತ್ರ ಸೇರಿಸಬಹುದು. ಆದರೆ ಮರಿಗಳಿರುವ ಬಿಲದ ನಿಖರ ಸ್ಥಳ ಬಹಿರಂಗಪಡಿಸುವುದು ಸಲ್ಲದು.

ಎಚ್ಚರಿಕೆ ಅಗತ್ಯ

ಪ್ರಮಾಣಪತ್ರ ದೊರೆತ ಮಾತ್ರಕ್ಕೆ ಪ್ರಾಣಿಗೆ ಚಿಕಿತ್ಸೆ ನೀಡುವ ಅಧಿಕಾರ ಬರುವುದಿಲ್ಲ. ಅದು ನೋಂದಾಯಿತ ಪಶುವೈದ್ಯರ ಕೆಲಸ. ನೀರುನಾಯಿಯನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಾಯಗೊಂಡ ಪ್ರಾಣಿ ಕಂಡಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಕಾವೇರಿಯಲ್ಲಿ ಮೊಸಳೆಗಳೂ ಇರುವುದರಿಂದ ವೀಕ್ಷಣೆಗೆಂದು ನೀರಿಗಿಳಿಯದೆ, ದಂಡೆಯಿಂದ ದೂರವಿದ್ದು ನೋಡುವುದೇ ಕ್ಷೇಮ.