ಕೋಲಾರ ಸೀಮೆಯ ನೀರಿನ ಪರೀಕ್ಷೆ: ತೊಗರಿಬೇಳೆಯಿಂದ ವಿದ್ಯುದಗ್ರದವರೆಗೆ

ನಿತ್ಯ ಹರಿಯುವ ನದಿಯಿಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಬದುಕು ಕೆರೆ-ಬಾವಿಗಳನ್ನು ಆಶ್ರಯಿಸಿ ಬೆಳೆದುದು. ಇಲ್ಲಿಯ ಜನಪದರು ನೀರನ್ನು ಒಲೆಯ ಮೇಲೆಯೇ ಪರೀಕ್ಷಿಸಿದರು: ತೊಗರಿಬೇಳೆ ಬೇಗ ಬೆಂದರೆ ಸಿಹಿನೀರು, ಬೇಯದಿದ್ದರೆ ಉಪ್ಪುನೀರು. ವಾಸ್ತವವಾಗಿ ಇದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಅಳತೆಯೇ ಆಗಿತ್ತು.

ಕೊಳವೆಬಾವಿಗಳು ಗ್ರಾನೈಟ್ ಶಿಲೆಯ ಆಳಕ್ಕಿಳಿದ ಮೇಲೆ ಫ್ಲೋರೈಡಿನ ಸಮಸ್ಯೆ ತೀವ್ರವಾಯಿತು. ಕ್ಯಾಲ್ಸಿಯಂ ಫ್ಲೋರೈಡನ್ನು ಬಂಧಿಸಿ ತಳಕ್ಕಿಳಿಸುತ್ತದೆ. ಅದು ಕಡಿಮೆಯಿರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಉಳಿಯಬಲ್ಲದು. ಆದುದರಿಂದ ಬೇಳೆ ಬೇಯಿಸುವ ನೀರೇ ದೀರ್ಘಕಾಲದಲ್ಲಿ ಹಲ್ಲು, ಮೂಳೆಗಳನ್ನು ಕೆಡಿಸಬಹುದು. ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ನಾಲಗೆ ಅರಿಯದು.

ಫ್ಲೋರೈಡಿಗೆ 1966ರಲ್ಲಿ, ಕ್ಯಾಲ್ಸಿಯಂಗೆ 1967ರಲ್ಲಿ ಪ್ರಕಟವಾದ ವಿದ್ಯುದಗ್ರಗಳು ಅಯಾನುಗಳ ಪ್ರಮಾಣವನ್ನು ವೋಲ್ಟೇಜಿನಲ್ಲಿ ತೋರಿಸುತ್ತವೆ. ಕಡಿಮೆ ವೆಚ್ಚದ ಇಂಥ ಸಂವೇದಕಗಳು ಊರಿನ ನಲ್ಲಿಯ ಬಳಿಗೇ ಬರಬೇಕು. ಬೇಳೆ ಹೇಳಲಾರದ ಮಾತನ್ನು ಅವು ಹೇಳಬಲ್ಲವು.