ಪೀಣ್ಯದ ಶೆಡ್ಡುಗಳಿಂದ ಬ್ಯಾಲಾಳಿನ ಡಿಶ್‌ವರೆಗೆ

ನಮ್ಮೂರ ಸ್ಮರಣ ಸಂಚಿಕೆ ಸಮಿತಿಯ ಹುಡುಗರು ಮನೆಗೆ ಬಂದು, "ಕಾಕಾ, ನೀವು ದುಡದ ಸಂಸ್ಥೆದ್ದು ಇತಿಹಾಸ ಬರದ ಕೊಡ್ರಿ. ಬರೇ ರಾಕೆಟ್ ಬ್ಯಾಡ, ಚಂದ್ರ, ಮಂಗಳದ್ದೂ ಇರ್ಲಿ" ಎಂದರು. ಇಸ್ರೋ ದೊಡ್ಡ ಸಂಸ್ಥೆ, ಅದರೊಳಗೆ ನನ್ನ ಜಾಗ ಚಿಕ್ಕದು. ಬೆಳಗಾವಿಯ ಉದ್ಯಮಬಾಗದ ಮಷೀನ್ ಶಾಪಿನಲ್ಲಿ ಲೇಥ್ ಹಿಡಿದು, ಆಮೇಲೆ ಬೆಂಗಳೂರಿನ ಪೀಣ್ಯ, ಕೊನೆಗೆ ಬ್ಯಾಲಾಳು ಕಂಡ ಟರ್ನರ್ ನಾನು; ವಿಜ್ಞಾನಿಯಲ್ಲ. ಈ ಲೇಖನದಲ್ಲಿ ಗ್ರಹಗಳಿಗಿಂತ ಬೇರಿಂಗು, ಗ್ರೀಸು ಹೆಚ್ಚಾದರೆ ಅದಕ್ಕೆ ಸಮಿತಿಯೇ ಹೊಣೆ.

ಮೊದಲು ನೆನೆಯಬೇಕಾದವರು ಉಡುಪಿ ರಾಮಚಂದ್ರ ರಾಯರು. 1932ರಲ್ಲಿ ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿ, ಬಳ್ಳಾರಿ, ಅನಂತಪುರ, ಕಾಶಿಯಲ್ಲಿ ಓದಿ, ವಿಕ್ರಮ್ ಸಾರಾಭಾಯಿಯವರ ಬಳಿ ಪಿಎಚ್‌ಡಿ ಮುಗಿಸಿ ಅಮೆರಿಕದ ಎಂಐಟಿಗೆ ಹೋದರು. ಅದೇ ಹೊತ್ತಿಗೆ, 1962ರ ಡಿಸೆಂಬರ್ 14ರಂದು, ಮ್ಯಾರಿನರ್-2 ನೌಕೆ ಶುಕ್ರಗ್ರಹದ ಪಕ್ಕದಿಂದ ಹಾದುಹೋಯಿತು. ಇನ್ನೊಂದು ಗ್ರಹದ ಸಮೀಪ ಹೋಗಿ ಅಲ್ಲಿಯ ಸಮಾಚಾರ ಕಳಿಸಿದ ಮೊದಲ ನೌಕೆ ಅದು. ಹೋಗುವ ದಾರಿಯುದ್ದಕ್ಕೂ ಅದು ಸೂರ್ಯನಿಂದ ಹೊರಡುವ ಕಣಗಳ ಹರಿವನ್ನು ಅಳೆದಿತ್ತು. ಆ ಸೌರಮಾರುತ ಆಗೊಮ್ಮೆ ಈಗೊಮ್ಮೆ ಬೀಸುವಂಥದ್ದಲ್ಲ, ಬಿಡುವಿಲ್ಲದೆ ಬೀಸುತ್ತಲೇ ಇರುವಂಥದ್ದು ಎಂದು ಮ್ಯಾರಿನರ್ ಮಾಹಿತಿಯಿಂದ ತೋರಿಸಿಕೊಟ್ಟವರಲ್ಲಿ ನಮ್ಮ ರಾಯರು ಮುಂಚೂಣಿಯವರು. ಚಂದ್ರಯಾನದ ಸುದ್ದಿ ಬಂದಾಗಲೆಲ್ಲ ಜನ 2008ರಿಂದ ಲೆಕ್ಕ ಹಾಕುತ್ತಾರೆ. ನನ್ನ ಲೆಕ್ಕ 1962ರಿಂದ ಶುರುವಾಗುತ್ತದೆ.

ರಾಯರು ಭಾರತಕ್ಕೆ ಮರಳಿದರು. ನಮ್ಮ ಮೊದಲ ಉಪಗ್ರಹವನ್ನು ಉಡಾಯಿಸಿಕೊಡಲು ಸೋವಿಯತ್ ಒಕ್ಕೂಟ 1972ರಲ್ಲಿ ಒಪ್ಪಿತು. ಉಪಗ್ರಹ ಕಟ್ಟಲು ಸಿಕ್ಕ ಜಾಗ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ನಮ್ಮ ಉದ್ಯಮಬಾಗ ನೋಡಿದವರಿಗೆ ಆ ಶೆಡ್ಡು ಹೇಗಿದ್ದವೆಂದು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾದು ಸುಡುವ ಆ ಮಾಡಿನ ಕೆಳಗೇ ಧೂಳು ತಾಗದ ಕೋಣೆ ಮಾಡಿಕೊಂಡು ರಾಯರ ತಂಡದ ಹುಡುಗರು 360 ಕಿಲೋ ತೂಕದ ಆರ್ಯಭಟವನ್ನು ಜೋಡಿಸಿದರು. ಹೆಚ್ಚಿನವರಿಗೆ ಅದಕ್ಕೆ ಮುಂಚೆ ಉಪಗ್ರಹ ಎಂದರೆ ಚಿತ್ರದಲ್ಲಿ ನೋಡಿದ್ದಷ್ಟೇ. ಮಾಹಿತಿ ಹಿಡಿಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ತೆರವು ಮಾಡಿಸಿದ ಕಥೆಯನ್ನು ಹಿರಿಯರು ನಗುತ್ತ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ನಗುತ್ತಿರಲಿಲ್ಲ. 1975ರ ಏಪ್ರಿಲ್ 19ರಂದು ಆರ್ಯಭಟ ಮೇಲೇರಿತು. ಐದನೇ ದಿನಕ್ಕೆ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತವು. ಆದರೂ ಉಪಗ್ರಹದ ದೇಹ 1981ರವರೆಗೆ ಜೀವಂತವಾಗಿತ್ತು.

ಮುಂದೆ ಭಾಸ್ಕರ ಬಂತು, ಎತ್ತಿನ ಗಾಡಿಯ ಮೇಲೆ ಕೂತ ಆ್ಯಪಲ್ ಬಂತು, ಇನ್ಸಾಟ್ ಬಂತು, 1988ರಲ್ಲಿ ಐಆರ್‌ಎಸ್-1ಎ ಬಂತು. ಅವೆಲ್ಲ ಭೂಮಿಯನ್ನೇ ನೋಡುವ ಕೆಲಸಗಳು. ನಾನು ಪೀಣ್ಯಕ್ಕೆ ಸೇರಿದ್ದೂ ಈ ನಡುವೆಯೇ. ಆ ವರ್ಷಗಳ ಬಗ್ಗೆ ಬೇರೆಯವರು ಬರೆಯಲಿ.

1999ರಲ್ಲಿ ಆಗಿನ ಇಸ್ರೋ ಅಧ್ಯಕ್ಷ ಕಸ್ತೂರಿರಂಗನ್ ಅವರು ಚಂದ್ರನ ಮಾತೆತ್ತಿದರು. 2003ರ ಆಗಸ್ಟ್ 15ರಂದು ಪ್ರಧಾನಿ ವಾಜಪೇಯಿಯವರು ಕೆಂಪು ಕೋಟೆಯಿಂದ ಚಂದ್ರಯಾನವನ್ನು ಘೋಷಿಸಿದರು. ಬಡ ದೇಶಕ್ಕೆ ಚಂದ್ರ ಯಾಕೆ ಎಂಬ ತಕರಾರು ಆಗಲೂ ಇತ್ತು, ನಮ್ಮೂರ ಚಹಾ ಅಂಗಡಿಯಲ್ಲೂ ಇತ್ತು. ಅದಕ್ಕೆ ಉತ್ತರ ಕೊಡುವ ಜಾಗ ಇದಲ್ಲ.

ಈಗ ಬ್ಯಾಲಾಳು. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ನಡೆಯುತ್ತೇನೆ.

ನೌಕೆ ಚಂದ್ರನವರೆಗೆ ಹೋದರಾಯಿತೇ, ಅದರ ಮಾತು ಕೇಳಿಸಬೇಡವೇ? ಚಂದ್ರ ಇರುವುದು 3.84 ಲಕ್ಷ ಕಿಲೋಮೀಟರ್ ಆಚೆ. ಅಲ್ಲಿಂದ ಬರುವ ರೇಡಿಯೋ ಸಂಕೇತ ಭೂಮಿ ಮುಟ್ಟುವಷ್ಟರಲ್ಲಿ ತೀರ ಕ್ಷೀಣವಾಗಿರುತ್ತದೆ. ಅದನ್ನು ಹಿಡಿಯಲು ದೊಡ್ಡ ಡಿಶ್ ಬೇಕು, ಸುತ್ತ ಸದ್ದಿಲ್ಲದ ಜಾಗ ಬೇಕು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳಿನಲ್ಲಿ ಅಂಥ ಜಾಗ ಸಿಕ್ಕಿತು: ಸುತ್ತ ಎತ್ತರ, ನಡುವೆ ತಗ್ಗು, ನಗರದ ರೇಡಿಯೋ ಗದ್ದಲ ಅಷ್ಟಾಗಿ ಒಳಗೆ ಬಾರದು. ಅಲ್ಲಿ 18 ಮೀಟರಿನದೊಂದು, 32 ಮೀಟರಿನದೊಂದು ಡಿಶ್ ಎದ್ದವು. ದೊಡ್ಡದನ್ನು ಹೈದರಾಬಾದಿನ ಇಸಿಐಎಲ್, ಭಾಭಾ ಪರಮಾಣು ಸಂಶೋಧನಾ ಕೇಂದ್ರ ಸೇರಿ ನಮ್ಮ ದೇಶದಲ್ಲೇ ಮಾಡಿದರು. ಇದರ ಹಿಂದೆ ನಿಂತವರು ಆಗ ಉಪಗ್ರಹಗಳ ಜಾಡು ಹಿಡಿಯುವ ಇಸ್ಟ್ರಾಕ್ ಕೇಂದ್ರದ ನಿರ್ದೇಶಕರಾಗಿದ್ದ ಮೈಸೂರಿನ ಎಸ್.ಕೆ. ಶಿವಕುಮಾರ್. 2010ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2019ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಪೇಪರಿನವರು ಉಡಾವಣೆಯ ಫೋಟೋ ಹಾಕುತ್ತಾರೆ, ಕೇಳಿಸಿಕೊಳ್ಳುವವರ ಫೋಟೋ ಹಾಕುವುದಿಲ್ಲ. ಈ ಸಂಚಿಕೆಯಲ್ಲಾದರೂ ಶಿವಕುಮಾರ್ ಅವರ ಚಿತ್ರಕ್ಕೆ ಅರ್ಧ ಪುಟ ಕೊಡಿ ಎಂದು ಸಮಿತಿಗೆ ಹೇಳಿದ್ದೇನೆ.

ಆ ದೊಡ್ಡ ಡಿಶ್ ಕೂತಿರುವುದು ಚಕ್ರಗಳ ಮೇಲೆ. ಕಾಂಕ್ರೀಟಿನ ಮೇಲೆ ವೃತ್ತಾಕಾರದ ಉಕ್ಕಿನ ಹಳಿ, ಹಳಿಯ ಮೇಲೆ ಚಕ್ರ, ಮೇಲೆ ಇಡೀ ಭಾರ. ಅದರ ನೋಟದ ಅಗಲ ಒಂದು ಡಿಗ್ರಿಯ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಹಳಿ ಎಲ್ಲಾದರೂ ಕೂದಲೆಳೆಯಷ್ಟು ತಗ್ಗಿದರೆ ಮೇಲಿನ ತಟ್ಟೆ ಆಕಾಶದಲ್ಲಿ ಬೇರೆಲ್ಲೋ ನೋಡುತ್ತದೆ. ಹಾಗಾಗಿ ಹಳಿಯ ಮಟ್ಟ ಮತ್ತೆಮತ್ತೆ ನೋಡಬೇಕು, ಬೇರಿಂಗಿನ ಸದ್ದು ಕೇಳಬೇಕು. ಉದ್ಯಮಬಾಗದಲ್ಲಿ ನಮಗೆ ಕಲಿಸಿದ ಮೇಸ್ತ್ರಿ ಮಷೀನಿನ ಮೇಲೆ ಅಂಗೈ ಇಟ್ಟು, "ಇದು ಏನ್ ಅಂತೈತಿ ಕೇಳು" ಎನ್ನುತ್ತಿದ್ದರು. ನಾನು ಕೊನೆಯವರೆಗೂ ಮಾಡಿದ್ದು ಅದನ್ನೇ.

2008ರ ಅಕ್ಟೋಬರ್ 17ರಂದು ಕೇಂದ್ರದ ಉದ್ಘಾಟನೆ. ಐದು ದಿನಕ್ಕೆ, 22ರಂದು, ಚಂದ್ರಯಾನ-1ರ ಉಡಾವಣೆ. ನವೆಂಬರ್ 14ರ ರಾತ್ರಿ 8.06ಕ್ಕೆ ಚಂದ್ರನ ಮೇಲೆ ಬೀಳಿಸುವ ಪೆಟ್ಟಿಗೆ ನೌಕೆಯಿಂದ ಬೇರ್ಪಟ್ಟಿತು, 8.31ಕ್ಕೆ ದಕ್ಷಿಣ ಧ್ರುವದ ಬಳಿ ಬಿತ್ತು. ಆ 25 ನಿಮಿಷ ಅದು ಚಿತ್ರ ತೆಗೆಯಿತು, ಎತ್ತರ ಅಳೆಯಿತು, ಚಂದ್ರನ ಮೇಲಿನ ತೆಳು ಅನಿಲವನ್ನು ಮೂಸಿತು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಚಂದ್ರನಲ್ಲಿ ನೀರಿನ ಅಣುಗಳ ಸುದ್ದಿ ಜಗತ್ತಿಗೆ ಗೊತ್ತಾಯಿತು. ಮೊದಲು ಕಂಡದ್ದು ನಮ್ಮ ಪೆಟ್ಟಿಗೆಯ ಚೇಸ್ ಉಪಕರಣವೋ, ಅದೇ ನೌಕೆಯಲ್ಲಿದ್ದ ನಾಸಾದ ಎಂ-ತ್ರೀ ಉಪಕರಣವೋ ಎಂಬ ಚರ್ಚೆ ಸ್ವಲ್ಪ ದಿನ ಬಿಸಿಯಾಗಿತ್ತು. ಎರಡೂ ಕಡೆ ನನಗೆ ಗೊತ್ತಿರುವವರಿದ್ದಾರೆ. ಎರಡೂ ಒಂದೇ ನೌಕೆಯಲ್ಲಿ ಹೋಗಿದ್ದವು ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ.

2009ರ ಆಗಸ್ಟ್ 29ರ ನಡುರಾತ್ರಿ 12.25ರವರೆಗೆ ಚಂದ್ರಯಾನದ ಮಾಹಿತಿ ಬ್ಯಾಲಾಳಿಗೆ ಬಂತು. ಒಂದೂವರೆಗೆ ಸಂಪರ್ಕ ತಪ್ಪಿತು. ಮತ್ತೆ ಸಿಗಲಿಲ್ಲ. ಒಟ್ಟು 312 ದಿನ ದುಡಿದ ನೌಕೆ ಅದು.

ಮಂಗಳಯಾನವನ್ನು ಹೇಳದೆ ಬಿಟ್ಟರೆ ಹುಡುಗರು ಬಿಡುವುದಿಲ್ಲ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನೌಕೆ ಮಂಗಳನ ಕಕ್ಷೆ ಸೇರಿದಾಗ ಮಂಗಳ ನಮ್ಮ ದಿಗಂತಕ್ಕೆ ಇನ್ನೂ ಬಂದಿರಲಿಲ್ಲ. ಗೆದ್ದ ಸುದ್ದಿ ಮೊದಲು ಹಿಡಿದದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಡಿಶ್. ಸಂಕೇತ ಬರಲು ಸುಮಾರು 12 ನಿಮಿಷ. ಮಂಗಳ ನಮ್ಮ ಆಕಾಶಕ್ಕೆ ಬಂದ ಮೇಲೆ ಪಾಳಿ ನಮ್ಮದು. ಆ ನೌಕೆಯ ಕಕ್ಷೆ ಬಹಳ ಉದ್ದವಾಗಿದ್ದುದರಿಂದ ಇಡೀ ಮಂಗಳವನ್ನು ಒಂದೇ ಚಿತ್ರದಲ್ಲಿ ತೆಗೆಯಿತು, ಡೈಮೋಸ್ ಉಪಗ್ರಹದ ಆಚೆ ಮಗ್ಗುಲನ್ನೂ ನೋಡಿತು. 2022ರಲ್ಲಿ ಅದೂ ಮೌನವಾಯಿತು.

ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಸಂಪರ್ಕ ತಪ್ಪಿದ 2019ರ ಸೆಪ್ಟೆಂಬರಿನ ಆ ರಾತ್ರಿಯನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದೀರಿ. ಅದನ್ನು ಮತ್ತೆ ಕೆದಕುವುದು ಬೇಡ. ಚಂದ್ರಯಾನ-2ರ ಕಕ್ಷಾಗಾಮಿ ಮಾತ್ರ ಗಟ್ಟಿಯಾಗಿ ನಿಂತಿತು. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಪ್ರಜ್ಞಾನ್ ರೋವರಿನ ಲಿಬ್ಸ್ ಉಪಕರಣ ಲೇಸರಿನಿಂದ ಮಣ್ಣು ಸುಟ್ಟು ಗಂಧಕ ಇದೆಯೆಂದು ಹೇಳಿತು. ಎಪಿಎಕ್ಸ್‌ಎಸ್ ಉಪಕರಣಕ್ಕೆ ಸಿಕ್ಕಿದ್ದು ಬೆಳಗಾವಿ ಸುತ್ತಲಿನ ಕಪ್ಪು ಬಸಾಲ್ಟಿನಂಥ ಕಲ್ಲಲ್ಲ. ಚಂದ್ರ ಕಾದ ಶಿಲಾರಸವಾಗಿದ್ದಾಗ ಮೇಲೆ ತೇಲಿ ಗಟ್ಟಿಯಾದ ತಿಳಿಬಣ್ಣದ ಅನಾರ್ಥೊಸೈಟಿನ ಮಣ್ಣು. ಚಂದ್ರನಲ್ಲಿ ನಮ್ಮ ಕಲ್ಲಿನ ಬಳಗ ಇರುವುದು ಹುಣ್ಣಿಮೆಯಂದು ಕಾಣುವ ಕಪ್ಪು ಮಚ್ಚೆಗಳಲ್ಲಿ. ಲಿಬ್ಸ್ ಮಾಡಿದ ಲಿಯೋಸ್ ಪ್ರಯೋಗಾಲಯ ಇರುವುದು ಪೀಣ್ಯದಲ್ಲಿ, ಆರ್ಯಭಟ ಹುಟ್ಟಿದ ಜಾಗದಲ್ಲೇ. ಇದನ್ನು ಹೇಳುವಾಗ ನನ್ನ ದನಿ ತುಸು ಏರುತ್ತದೆ ಎಂದು ಮನೆಯವರು ತಮಾಷೆ ಮಾಡುತ್ತಾರೆ.

ಇನ್ನೊಂದು ಮಾತು, ಮಚ್ಛೆಯ ವಿಟಿಯು ಕ್ಯಾಂಪಸ್ಸಿಗೆ ನಮ್ಮೂರ ಮೇಲೆಯೇ ಹೋಗಿಬರುವ ವಿದ್ಯಾರ್ಥಿಗಳಿಗೆ. ಚಂದ್ರಯಾನ-2ರ ಮಾಹಿತಿ ಬ್ಯಾಲಾಳಿನ ದತ್ತಾಂಶ ಕೇಂದ್ರದ ಪ್ರದಾನ್ ಜಾಲತಾಣದಲ್ಲಿದೆ; ಹೆಸರು ನೋಂದಾಯಿಸಿದರೆ ಯಾರಿಗಾದರೂ ಪುಕ್ಕಟೆ. ಸೂರ್ಯ ಉರಿ ಕಾರಿದಾಗ ಚಂದ್ರನ ನೆಲ ಹೊರಡಿಸುವ ಎಕ್ಸ್-ಕಿರಣಗಳಿಂದ ಅಲ್ಲಿಯ ಧಾತುಗಳನ್ನು ಗುರುತಿಸುವ ಕ್ಲಾಸ್ ಉಪಕರಣವನ್ನು ರಾಯರ ಹೆಸರಿನ ಉಪಗ್ರಹ ಕೇಂದ್ರದಲ್ಲೇ ಮಾಡಿದ್ದು. 2022ರಲ್ಲಿ ಚಂದ್ರನ ಸೋಡಿಯಂ ನಕ್ಷೆ ಬಂದದ್ದು ಅದರಿಂದ. ಅದರ ಫೈಲುಗಳು ರಾಶಿ ಬಿದ್ದಿವೆ. ತೆರೆಯಲು ಕಷ್ಟವಾದವರು ಜಾಂಬೋಟಿ ಕ್ರಾಸಿನ ಹತ್ತಿರ ನನ್ನ ಮನೆ ಕೇಳಿಕೊಂಡು ಬರಬಹುದು. ಭಾನುವಾರ ಮಧ್ಯಾಹ್ನ ಮಾತ್ರ ಬೇಡ.