ನೆಟೆ ಹತ್ತಿದ ತೊಗರಿ, ನೇನೆ ಸರ್ ಮತ್ತು ನಮ್ಮ ಹೊಲ
📍 ಹುಮನಾಬಾದ್ | ಹೊಲದ ಇತಿಹಾಸ, ಭಾಗ 6

ಮೊದಲ ಫೋಟೋ ಸರಿಯಾಗಿ ನೋಡ್ರಿ. ಕಾಯಿ ಕಟ್ಟೋ ಹೊತ್ತಿನಾಗ ತೊಗರಿ ಗಿಡ ನಿಂತಲ್ಲೇ ಒಣಗ್ಯಾದ. ಪಕ್ಕದ ಗಿಡ ಮಾತ್ರ ಹಸರು. ನೀರಿನ ಕೊರತೆ ಆಗಿದ್ರ ಎರಡೂ ಬಾಡಬೇಕಿತ್ತಲ್ಲ?

ಎರಡನೇ ಫೋಟೋದಾಗ ಅದೇ ಗಿಡದ ಕಾಂಡ ಸೀಳಿ ಇಟ್ಟೀನಿ. ಒಳಗ ಕರಿ ಗೆರೆ. ಇದೇ ನೆಟೆ ರೋಗ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಏರೋ ನಾಳಾನೇ ಕಟ್ಟಿಬಿಡ್ತದ. ಒಣಗಿದ ಮ್ಯಾಲ ಎಷ್ಟು ಎಣ್ಣಿ ಹೊಡದ್ರೂ ಗಿಡ ಏಳಂಗಿಲ್ಲ.

ಈ ರೋಗದ ಬೆನ್ನು ಹತ್ತಿದವರಲ್ಲಿ ಒಬ್ಬರು ಡಾ. ವೈ. ಎಲ್. ನೇನೆ. 1936ರಲ್ಲಿ ಗ್ವಾಲಿಯರ್‌ನಲ್ಲಿ ಹುಟ್ಟಿದವರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ, 1960ರಲ್ಲಿ ಶುರುವಾದ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಪಂತ್‌ನಗರದಲ್ಲಿ ಪಾಠ ಹೇಳಿದರು.

ಅಲ್ಲಿ ಹಿಮಾಲಯದ ತಪ್ಪಲಿನ ಭತ್ತದ ಎಲೆ ಕಾಚಿನ ಬಣ್ಣಕ್ಕೆ ತಿರುಗಿ ಬೆಳೆ ಕುಂಠಿತ ಆಗ್ತಿತ್ತು. ಅದಕ್ಕೇ ‘ಖೈರಾ’ ಅಂತ ಹೆಸರು. ಇದು ಯಾವ ರೋಗಾಣು? ಯಾವುದೂ ಅಲ್ಲ! ಮಣ್ಣಿನಾಗ ಸತುವಿನ ಕೊರತೆ ಅಂತ ನೇನೆ 1966ರಲ್ಲಿ ಬರೆದರು. ಸತುವಿನ ಸಲ್ಫೇಟ್ ಜೊತೆ ಸುಣ್ಣ ಬೆರೆಸಿ ಸಿಂಪಡಿಸಿದರೆ ಬೆಳೆ ಚೇತರಿಸಿಕೊಳ್ತಿತ್ತು. ರೋಗಾಣು ಹುಡುಕೋದೇ ಕಸುಬಾದ ಮನುಷ್ಯ “ಇಲ್ಲಿ ರೋಗಾಣು ಇಲ್ಲ” ಅಂತ ಹೇಳೋದು ಸಣ್ಣ ಮಾತಲ್ಲ.

1974ರಲ್ಲಿ ಅವರು ಪಟಾನ್‌ಚೆರುವಿನ ಇಕ್ರಿಸ್ಯಾಟ್‌ಗೆ ಬಂದರು. ನಾವು ಹೈದರಾಬಾದ್ ಬಸ್ಸಿನಾಗ ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಮ್ಯಾಲ ಬರ್ತದಲ್ಲ, ಅದೇ ಊರು. ಅಲ್ಲಿ ಅವರ ತಂಡ ಒಂದು ವಿಚಿತ್ರ ಕೆಲಸ ಮಾಡ್ತು: ಬೇಕಂತಲೇ ರೋಗ ಬೆಳೆಸ್ತು. ನೆಟೆ ಹತ್ತಿದ ಗಿಡ ಕತ್ತರಿಸಿ ಕಪ್ಪು ಮಣ್ಣಿಗೆ ಬೆರೆಸಿ, ಅದೇ ಹೊಲದಾಗ ಮತ್ತೆ ಮತ್ತೆ ತೊಗರಿ ಬಿತ್ತೋದು. ಸಾವಿರಾರು ತಳಿಗಳಲ್ಲಿ ಬದುಕಿ ಉಳಿದವನ್ನಷ್ಟೇ ಆರಿಸೋದು. ಹಂಗ ಉಳಿದದ್ದೊಂದು ಐಸಿಪಿ 8863. 1986ರಲ್ಲಿ ಕರ್ನಾಟಕದಾಗ ಅದು ‘ಮಾರುತಿ’ ಅನ್ನೋ ಹೆಸರಿನಿಂದ ಬಿಡುಗಡೆ ಆಯ್ತು. ಹೌದು, ನಮ್ಮ ದೊಡ್ಡವರು ಹೇಳೋ ಅದೇ ಮಾರುತಿ ತೊಗರಿ.

ಆದರೆ ಕಥೆ ಅಲ್ಲಿಗೇ ಮುಗಿಯಂಗಿಲ್ಲ. ನೆಟೆ ತಡೆಯೋ ಮಾರುತಿ, ನುಸಿಯಿಂದ ಹರಡೋ ಗೊಡ್ಡು ರೋಗಕ್ಕೆ ಸುಲಭವಾಗಿ ಸೋಲ್ತದ. ಒಂದು ತಳಿ ನಂಬಿ ಕೂಡೋದು ಸಾಲಂಗಿಲ್ಲ.

ಇಕ್ರಿಸ್ಯಾಟ್‌ನಲ್ಲಿ ನೇನೆ ಮತ್ತು ಜೊತೆಗಾರರು ಬೆಳೆ ಪದ್ಧತಿಯನ್ನೂ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ತೊಗರಿ ಜೊತೆ ಜೋಳ ಬಿತ್ತಿದಲ್ಲಿ ನೆಟೆ ಕಡಿಮೆ! ಜೋಳದ ಸಾಲಿನ ನಡುವೆ ತೊಗರಿ ಹಾಕ್ತಿದ್ದ ನಮ್ಮ ಅಜ್ಜಂದಿರು ಶಿಲೀಂಧ್ರದ ಹೆಸರು ಕೇಳಿರಲಿಲ್ಲ. ಆದ್ರ ಅವರ ಹೊಲದಾಗ ಆ ಪಾಠ ಇತ್ತು.

ಬಹುಶಃ ಇಂಥವನ್ನ ನೋಡಿಯೇ ಇರಬೇಕು, ನೇನೆ ಕೊನೆಗೆ ಇತಿಹಾಸದ ಕಡೆ ತಿರುಗಿದರು. 1994ರಲ್ಲಿ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಕಟ್ಟಿ, ಹಳೆ ಕೃಷಿ ಗ್ರಂಥಗಳನ್ನ ಇಂಗ್ಲಿಷಿಗೆ ತರಿಸಿದರು. ಅದರಲ್ಲಿ ಒಂದು ಕನ್ನಡದ್ದು: ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’. ಗಿಡಗಳ ಆರೈಕೆಗೇ ಅಂತ ವೃಕ್ಷಾಯುರ್ವೇದದ ಅಧ್ಯಾಯ ಅದರಾಗ ಅದ. ಅವನಿಗೆ ಆಶ್ರಯ ಕೊಟ್ಟ ದೊರೆ ಚಾಲುಕ್ಯ ಜಯಸಿಂಹ. ಮುಂದೆ ಅದೇ ವಂಶದ ರಾಜಧಾನಿ ಆದದ್ದು ನಮ್ಮ ಪಕ್ಕದ ಬಸವಕಲ್ಯಾಣ!

ನೇನೆ ಸರ್ 2018ರಲ್ಲಿ ತೀರಿಕೊಂಡರು. ಈಗ ನಮ್ಮ ಕಡೆ ಎಲ್ಲಿ ನೋಡಿದ್ರೂ ಸೋಯಾ, ಇಲ್ಲಾ ಬರೇ ತೊಗರಿ. ಗಿಡ ಒಣಗಿದ್ರ ಮೊದಲು ಅಂಗಡಿಗೆ ಓಡ್ತೀವಿ. ಕಾಂಡ ಸೀಳಿ ನೋಡೋರು ಎಷ್ಟು ಮಂದಿ?

ಇವತ್ತು ಮನಿಯಾಗ ಅಜ್ಜ ಅಥವಾ ಅಜ್ಜಿ ಇದ್ರ ಒಂದೇ ಪ್ರಶ್ನೆ ಕೇಳ್ರಿ: “ನಿಮ್ಮ ಕಾಲದಾಗ ತೊಗರಿ ಜೊತಿ ಏನೇನು ಬಿತ್ತತಿದ್ರಿ?” ಉತ್ತರ ಕಾಮೆಂಟಿನಾಗ ಹಾಕ್ರಿ, ಊರ ಹೆಸರು ಸಮೇತ. ಮುಂದಿನ ಭಾಗ ಅದರ ಮ್ಯಾಲೇ ಬರೀತೀನಿ. 🌱

#ಹೊಲದಇತಿಹಾಸ #ಹುಮನಾಬಾದ್ #ತೊಗರಿ #ಬೀದರ್